ಮೊದಲ ಸಲ ಅಭ್ಯಂಗಕ್ಕೆ ಹೊರಟಿದ್ದೀರಾ? ಬಾಗಿಲಿನಿಂದ ಬಚ್ಚಲವರೆಗೆ ನಡೆಯುವುದು ಇಷ್ಟು

‘ಬಟ್ಟೆ ಎಲ್ಲಾ ತೆಗೀಬೇಕಾ?’

ಮೊದಲ ಸಲ ಮಸಾಜ್‌ಗೆ ಹೊರಟವರ ತಲೆಯಲ್ಲಿ ಎಲ್ಲಕ್ಕಿಂತ ಮುಂಚೆ ಏಳುವ ಪ್ರಶ್ನೆ ಇದೇ. ರಿಸೆಪ್ಷನ್‌ನಲ್ಲಿ ಮಾತ್ರ ಇದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಎಣ್ಣೆ ಯಾವುದು, ಎಷ್ಟು ಹೊತ್ತು, ಎಷ್ಟು ದುಡ್ಡು ಎಂದೆಲ್ಲ ವಿಚಾರಿಸಿ, ಕೇಳಬೇಕಾದ್ದನ್ನು ನುಂಗಿಕೊಂಡು ಒಳಗೆ ಹೋಗುತ್ತಾರೆ.

ಎಣ್ಣೆ ಹಚ್ಚಿಸಿಕೊಳ್ಳುವುದು ನಮಗೇನೂ ಹೊಸದಲ್ಲ. ನರಕ ಚತುರ್ದಶಿಯ ಬೆಳಗಿನ ಜಾವ ಮಣೆ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ತಟ್ಟಿಸಿಕೊಂಡವರೇ ಎಲ್ಲರೂ. ಅಜ್ಜಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿ ಬೆನ್ನು ನೀವುವುದನ್ನೂ ಕಂಡವರೇ. ಗುರುತಿಲ್ಲದವರ ಮುಂದೆ, ದುಡ್ಡು ಕೊಟ್ಟು, ಮುಚ್ಚಿದ ಕೋಣೆಯಲ್ಲಿ ಮೈ ಒಡ್ಡುವುದು ಹೊಸದು. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಕತ್ತು, ಸೊಂಟ ಹಿಡಿಸಿಕೊಂಡವರಿಗೆ ಆಯುರ್ವೇದ ವೈದ್ಯರು ‘ಏಳು ದಿನ ಅಭ್ಯಂಗ’ ಎಂದು ಚೀಟಿ ಬರೆದುಕೊಡುತ್ತಾರೆ. ಮಕ್ಕಳು ಹುಟ್ಟುಹಬ್ಬಕ್ಕೆಂದು ಕೊಟ್ಟ ಗಿಫ್ಟ್ ವೋಚರ್ ಹಿಡಿದು ಏನು ಮಾಡುವುದೆಂದು ತಿಳಿಯದೆ ಕೂತ ಅಪ್ಪ-ಅಮ್ಮಂದಿರೂ ಇದ್ದಾರೆ. ಈ ಬರಹ ಅಂಥವರಿಗೆ. ಬಟ್ಟೆಯ ಪ್ರಶ್ನೆಗೂ ಉತ್ತರ ಬರುತ್ತದೆ, ಆದರೆ ಅದಕ್ಕಿಂತ ಮುಖ್ಯವಾದ ಕೆಲವು ಪ್ರಶ್ನೆಗಳು ಮೊದಲು ಬರಬೇಕು.

ಅಭ್ಯಂಗ ಯಾವುದು, ಪಂಚಕರ್ಮ ಯಾವುದು

ಬಿಸಿ ಮಾಡಿದ ಔಷಧಿ ಎಣ್ಣೆಯನ್ನು ಮೈಗೆಲ್ಲ ಹಚ್ಚಿ, ಒಂದು ಕ್ರಮದಲ್ಲಿ, ರೋಮ ಬೆಳೆದ ದಿಕ್ಕಿಗೇ ನೀವುವುದು ಅಭ್ಯಂಗ. ಒಣ ಪುಡಿ ಹಾಕಿ ರೋಮಕ್ಕೆ ಎದುರಾಗಿ ಉಜ್ಜುವುದಕ್ಕೆ ಉದ್ವರ್ತನ ಎನ್ನುತ್ತಾರೆ, ಅದು ಬೇರೆ. ಬಟ್ಟೆಯ ಗಂಟಿನಲ್ಲಿ ಸೊಪ್ಪು ಅಥವಾ ಪುಡಿ ಕಟ್ಟಿ, ಬಿಸಿ ಮಾಡಿ ಒತ್ತುವುದು ಕಿಳಿ.

ಜಾಹೀರಾತುಗಳಲ್ಲಿ ಇವೆಲ್ಲಕ್ಕೂ ‘ಪಂಚಕರ್ಮ’ ಎಂಬ ಒಂದೇ ಹಣೆಪಟ್ಟಿ ಅಂಟಿಸುವುದುಂಟು. ಪಂಚಕರ್ಮ ಎಂದರೆ ವಮನ (ವಾಂತಿ ಮಾಡಿಸುವುದು), ವಿರೇಚನ (ಭೇದಿ ಮಾಡಿಸುವುದು), ಬಸ್ತಿ (ಎನಿಮಾ), ನಸ್ಯ (ಮೂಗಿಗೆ ಔಷಧಿ ಬಿಡುವುದು), ರಕ್ತಮೋಕ್ಷಣ (ರಕ್ತ ತೆಗೆಯುವುದು) ಮೊದಲಾದ ಶೋಧನ, ಅಂದರೆ ಮೈ ಶುದ್ಧಿಯ ಚಿಕಿತ್ಸೆಗಳು. ಅಭ್ಯಂಗ ಅದಕ್ಕೆ ಮೈಯನ್ನು ಹದಗೊಳಿಸುವ ಪೂರ್ವಕರ್ಮ. ಒಂದು ಗಂಟೆ ಎಣ್ಣೆ ಹಚ್ಚಿ ಹಬೆ ಕೊಟ್ಟು ಕಳಿಸಿದರೆ ನಿಮಗಾದದ್ದು ಅಭ್ಯಂಗ ಮತ್ತು ಸ್ವೇದನ, ಬಿಲ್ಲಿನಲ್ಲಿ ಏನೇ ಬರೆದಿರಲಿ.

ಸ್ಪಾಗಳ ಪಟ್ಟಿಯಲ್ಲಿ ಕಾಣುವ ಸ್ವೀಡಿಷ್ ಮಸಾಜ್ 19ನೇ ಶತಮಾನದ ಯುರೋಪಿನಲ್ಲಿ ರೂಪುಗೊಂಡದ್ದು. ಅದರಲ್ಲಿ ಎಣ್ಣೆ ಕಡಿಮೆ, ಮಾಂಸಖಂಡ ಹಿಸುಕುವುದು ಹೆಚ್ಚು. ಡೀಪ್ ಟಿಶ್ಯೂ ಅದರದ್ದೇ ಜೋರಿನ ರೂಪ. 2019ರಲ್ಲಿ ಯುನೆಸ್ಕೋ ಪಾರಂಪರಿಕ ಪಟ್ಟಿಗೆ ಸೇರಿದ ಥಾಯ್ ಮಸಾಜ್‌ನಲ್ಲಿ ಎಣ್ಣೆಯೇ ಇರುವುದಿಲ್ಲ. ಸಡಿಲ ಬಟ್ಟೆ ತೊಟ್ಟೇ ಚಾಪೆಯ ಮೇಲೆ ಮಲಗುತ್ತೀರಿ, ಅವರು ಒತ್ತುತ್ತಾರೆ, ಎಳೆಯುತ್ತಾರೆ. ಬಟ್ಟೆ ತೆಗೆಯುವುದೇ ದೊಡ್ಡ ಮುಜುಗರ ಎನ್ನುವವರಿಗೆ ಇದು ಒಳ್ಳೆಯ ಆರಂಭ.

ಯಾವ ಬಾಗಿಲು ತಟ್ಟಬೇಕು

ಆಯುರ್ವೇದ ಆಸ್ಪತ್ರೆ ಮತ್ತು ಸ್ಪಾ ಹೊರಗಿನಿಂದ ಒಂದೇ ಥರ ಕಂಡರೂ ಕಾನೂನಿನ ಕಣ್ಣಿಗೆ ಬೇರೆ ಬೇರೆ. ಕರ್ನಾಟಕದಲ್ಲಿ ಖಾಸಗಿ ಆಯುರ್ವೇದ ಕ್ಲಿನಿಕ್, ಆಸ್ಪತ್ರೆಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ಎಲ್ಲರೂ ‘ಕೆಪಿಎಂಇ’ ಎನ್ನುವ ಕಾಯ್ದೆಯಡಿ, ನೋಂದಣಿಯಾಗಿರಬೇಕು. ಆ ಪ್ರಮಾಣಪತ್ರ ಗೋಡೆಯ ಮೇಲೆ ಕಣ್ಣಿಗೆ ಬೀಳುವಂತಿರಬೇಕು. ಅಲ್ಲಿ ಬಿಎಎಂಎಸ್ ಎಂಬ ಆಯುರ್ವೇದ ಪದವಿ ಓದಿದ ವೈದ್ಯರು ನಿಮ್ಮನ್ನು ನೋಡಿದ ಮೇಲೆಯೇ ಥೆರಪಿಸ್ಟ್ ಕೈ ಹಚ್ಚುವುದು. ಸ್ಪಾದಲ್ಲಿ ವೈದ್ಯರು ಇರಲೇಬೇಕೆಂದೇನಿಲ್ಲ. ಸುಮ್ಮನೆ ಮೈ ಹಗುರಾಗಲಿ ಎಂದಿದ್ದರೆ ಸ್ಪಾ ಸಾಕು. ನೋವು, ಕಾಯಿಲೆ, ದಿನಾ ನುಂಗುವ ಮಾತ್ರೆ ಏನಾದರೂ ಇದ್ದರೆ ವೈದ್ಯರಿರುವ ಜಾಗವೇ ಸರಿ.

ಸರ್ಕಾರಿ ಕಾಲೇಜುಗಳನ್ನು ಮರೆಯುವವರೇ ಹೆಚ್ಚು. ಮೈಸೂರಿನ ಸರ್ಕಾರಿ ಆಯುರ್ವೇದ ವೈದ್ಯಕೀಯ ಕಾಲೇಜು 1908ರಷ್ಟು ಹಳೆಯದು. ಬೆಂಗಳೂರಿನ ಧನ್ವಂತರಿ ರಸ್ತೆಯಲ್ಲೂ ಸರ್ಕಾರಿ ಆಯುರ್ವೇದ ಆಸ್ಪತ್ರೆ ಇದೆ. ಉಡುಪಿ, ಹಾಸನಗಳಲ್ಲಿ ಖಾಸಗಿ ಕಾಲೇಜುಗಳಿಗೆ ಹೊಂದಿಕೊಂಡ ದೊಡ್ಡ ಆಸ್ಪತ್ರೆಗಳಿವೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೂದಾನಿ, ವೀಣೆಯ ಸಂಗೀತ ಸಿಗಲಿಕ್ಕಿಲ್ಲ, ಸರದಿಯಲ್ಲಿ ಕಾಯಲೂ ಬೇಕಾಗಬಹುದು. ಖರ್ಚು ಮಾತ್ರ ಸ್ಪಾಗಿಂತ ತೀರಾ ಕಡಿಮೆ.

ಮುಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಒಳ್ಳೆಯ ಜಾಗವನ್ನು ಗುರುತಿಸಲು ನನಗೆ ಗೊತ್ತಿರುವ ಅತ್ಯಂತ ಸುಲಭದ ಪರೀಕ್ಷೆ ಒಂದಿದೆ. ಎಣ್ಣೆ ಬಿಸಿ ಮಾಡುವ ಮೊದಲು ನಿಮ್ಮನ್ನು ಎಷ್ಟು ಪ್ರಶ್ನೆ ಕೇಳಿದರು ಎಂಬುದು. ಹೋದ ಕೂಡಲೇ ಟವೆಲ್ ಕೊಟ್ಟು ‘ರೂಮ್ ಮೂರು’ ಎಂದು ಕಳಿಸುವ ಜಾಗ, ಒಳಗೆ ಎಷ್ಟೇ ಘಮಘಮ ಎನ್ನಲಿ, ಆ ಪರೀಕ್ಷೆಯಲ್ಲಿ ಫೇಲು.

ಏಕೆ ಕೇಳಬೇಕು ಎಂಬುದಕ್ಕೆ ಕಾರಣಗಳಿವೆ. ಒಂದು ಮೀನಖಂಡ ಮಾತ್ರ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದೆ ಎಂದುಕೊಳ್ಳಿ. ದೂರದ ವಿಮಾನ ಪ್ರಯಾಣದ ಬಳಿಕ, ಆಪರೇಷನ್ ಆಗಿ ಮಲಗಿದ್ದ ಬಳಿಕ ಹೀಗಾದರೆ ಅದು ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದರ ಲಕ್ಷಣ ಇರಬಹುದು. ಅಂಥ ಕಾಲನ್ನು ನೀವಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತಾಗಬಹುದು. ಅದಕ್ಕೆ ಬೇಕಾದದ್ದು ಮಸಾಜ್ ಟೇಬಲ್ಲಲ್ಲ, ತುರ್ತು ಚಿಕಿತ್ಸೆ.

ಸಕ್ಕರೆ ಕಾಯಿಲೆ ಹಳೆಯದಾಗಿ ಪಾದ ಜೋಮು ಹಿಡಿದವರಿಗೆ ಬಿಸಿ ಗೊತ್ತಾಗುವುದಿಲ್ಲ, ಕಿಳಿ ಅಥವಾ ಹಬೆಯಿಂದ ಸುಟ್ಟರೂ ತಿಳಿಯುವುದಿಲ್ಲ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಸ್ವಲ್ಪ ಜೋರಾಗಿ ಒತ್ತಿದರೂ ಚರ್ಮದಡಿ ರಕ್ತ ಕಟ್ಟಿ ಕಪ್ಪಾಗುತ್ತದೆ. ಮೂಳೆ ಸವೆದ ಹಿರಿಯರ ಬೆನ್ನಿಗೆ ಮೊಣಕೈ ಊರುವಂತಿಲ್ಲ. ಗರ್ಭಿಣಿಯರು, ಬಿಪಿ ಹತೋಟಿಯಲ್ಲಿಲ್ಲದವರು, ಹೃದಯದ ತೊಂದರೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಇತ್ತೀಚೆಗೆ ಮೂಳೆ ಮುರಿದುಕೊಂಡವರು ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಜ್ವರ, ಕಜ್ಜಿ, ಹುಳುಕಡ್ಡಿ, ಗಾಯ ಇದ್ದರೆ ಆ ದಿನ ಬೇಡ. ಎಳ್ಳಿನ ಅಲರ್ಜಿ ಇದ್ದರೆ ಜೋರಾಗಿಯೇ ಹೇಳಿ, ಏಕೆಂದರೆ ಬಹುತೇಕ ಔಷಧಿ ಎಣ್ಣೆಗಳ ಬುಡ ಎಳ್ಳೆಣ್ಣೆ.

ಹಳೆಯ ಆಯುರ್ವೇದ ಗ್ರಂಥಗಳಿಗೂ ಈ ಎಚ್ಚರ ಇತ್ತು. ದಿನಾ ಅಭ್ಯಂಗ ಮಾಡಿಕೊಳ್ಳಿ ಎಂದ ಗ್ರಂಥಕಾರ ವಾಗ್ಭಟನೇ ಕಫ ಕಟ್ಟಿದವರು, ಆಗಷ್ಟೇ ಶೋಧನ ಚಿಕಿತ್ಸೆ ಮಾಡಿಸಿಕೊಂಡವರು, ಅಜೀರ್ಣವಾದವರು ಮಾಡಿಸಿಕೊಳ್ಳಬಾರದು ಎಂದೂ ಹೇಳಿದ್ದಾನೆ. ಮಧ್ಯಾಹ್ನ ಬಿಸಿಬೇಳೆಭಾತ್ ಹೊಡೆದು ನೇರ ಹೋಗಬೇಡಿ. ಊಟವಾಗಿ ಎರಡು ಗಂಟೆಯಾದರೂ ಕಳೆದಿರಲಿ.

ಈಗ ಬಟ್ಟೆಯ ವಿಷಯ

ಆಯುರ್ವೇದ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಒಂದು ಬಾರಿ ಬಳಸಿ ಎಸೆಯುವ ಚಡ್ಡಿ ಕೊಡುತ್ತಾರೆ. ಕೆಲವೆಡೆ ಗಂಡಸರಿಗೆ ಹಳೆಯ ಪದ್ಧತಿಯ ಲಂಗೋಟಿ. ಅದನ್ನು ಪರದೆಯ ಹಿಂದೆ ಅಥವಾ ಥೆರಪಿಸ್ಟ್ ಹೊರಗೆ ಹೋದಾಗ ಉಟ್ಟುಕೊಳ್ಳುತ್ತೀರಿ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಎಂಬುದು ಆಯುರ್ವೇದ ಕೇಂದ್ರಗಳ ರೂಢಿ. ಸ್ಪಾದಲ್ಲಿ ಹಾಗಿರಲೇಬೇಕೆಂದಿಲ್ಲ, ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಒಂದು ಮಾತು ಮುಚ್ಚಿಡಬಾರದು. ಪಾಶ್ಚಾತ್ಯ ಶೈಲಿಯ ಸ್ಪಾದಲ್ಲಿ ಮೈಮೇಲೆ ಹೊದಿಕೆ ಇದ್ದು, ನೀವುವ ಕಾಲೋ ಕೈಯೋ ಅಷ್ಟನ್ನೇ ತೆರೆಯುತ್ತಾರೆ. ಅಭ್ಯಂಗದಲ್ಲಿ ಎಣ್ಣೆ ಧಾರಾಳ, ಕೈ ಹೆಗಲಿನಿಂದ ಸೊಂಟದವರೆಗೆ ಒಂದೇ ಎಳೆತದಲ್ಲಿ ಓಡಬೇಕು, ಆದ್ದರಿಂದ ಹೊದಿಕೆ ಕಡಿಮೆ. ಎದೆಯ ಮೇಲೆ ಟವೆಲ್ ಬೇಕು, ಎದೆ-ಹೊಟ್ಟೆ ನೀವುವುದು ಬೇಡ, ಒಳಬಟ್ಟೆ ನನ್ನದೇ ಇರಲಿ ಎಂದು ಹೇಳಿದರೆ ಯಾವ ವೃತ್ತಿಪರ ಥೆರಪಿಸ್ಟೂ ಮುಖ ಸಿಂಡರಿಸುವುದಿಲ್ಲ. ಒಳಬಟ್ಟೆಗೆ ಹತ್ತಿದ ಎಣ್ಣೆ ಹೋಗುವುದಿಲ್ಲ, ಅಷ್ಟೇ.

ಒಡವೆ ಮನೆಯಲ್ಲೇ ಬಿಟ್ಟುಬನ್ನಿ. ತಾಳಿ, ಜನಿವಾರ, ಉಡಿದಾರ ತೆಗೆಯಲು ಮನಸ್ಸಿಲ್ಲದಿದ್ದರೆ ಹಾಗೆ ಹೇಳಿ, ಪಕ್ಕಕ್ಕೆ ಸರಿಸಿಕೊಂಡು ಕೆಲಸ ಮಾಡುತ್ತಾರೆ. ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಡಿ, ಕಣ್ಣಿಗೆ ಎಣ್ಣೆ ಇಳಿಯುತ್ತದೆ.

ದ್ರೋಣಿಯ ಮೇಲೆ

ಅಂಚು ಎತ್ತರಿಸಿದ ಉದ್ದನೆಯ ಮರದ ಹಲಗೆಗೆ ದ್ರೋಣಿ ಎನ್ನುತ್ತಾರೆ. ಸುರಿದ ಎಣ್ಣೆ ನೆಲಕ್ಕೆ ಹೋಗದೆ ಅಂಚಿನ ಕಾಲುವೆಯಲ್ಲಿ ಹರಿದು ಒಂದು ಮೂಲೆಯ ತೂತಿನಿಂದ ಪಾತ್ರೆಗೆ ಬೀಳುತ್ತದೆ. ಈಗ ಫೈಬರ್ ದ್ರೋಣಿಗಳೂ ಬಂದಿವೆ. ಮೆತ್ತನೆಯ ಹಾಸಿಗೆ ಇರುತ್ತದೆ ಎಂದು ಎಣಿಸಬೇಡಿ, ಹಲಗೆ ಗಟ್ಟಿಯೇ. ಮೊದಲ ಐದು ನಿಮಿಷ ಹಿಂದಲೆ ಒತ್ತುತ್ತದೆ, ತಲೆಯಡಿಗೆ ಮಡಿಸಿದ ಬಟ್ಟೆ ಕೇಳಿ.

ಎಣ್ಣೆಯ ಬಟ್ಟಲನ್ನು ನೇರ ಬೆಂಕಿಗೆ ಇಡುವುದಿಲ್ಲ, ಕುದಿನೀರಿನ ಪಾತ್ರೆಯೊಳಗೆ ಇಟ್ಟು ಬೆಚ್ಚಗೆ ಮಾಡುತ್ತಾರೆ. ಥೆರಪಿಸ್ಟ್ ಒಂದು ಹನಿಯನ್ನು ತಮ್ಮ ಕೈಮೇಲೆ, ಆಮೇಲೆ ನಿಮ್ಮ ಕೈಮೇಲೆ ಹಾಕಿ ‘ಸಾಕಾ, ಬಿಸಿ ಹೆಚ್ಚಾಯ್ತಾ’ ಎಂದು ಕೇಳುತ್ತಾರೆ. ಯಾವ ಎಣ್ಣೆ ಎಂಬುದು ವೈದ್ಯರ ಚೀಟಿಯಲ್ಲಿರುತ್ತದೆ. ಕ್ಷೀರಬಲಾ ತೈಲದಲ್ಲಿ ಹಾಲೂ ಬಲಾ ಬೇರೂ ಸೇರಿ ಕುದಿದಿರುತ್ತವೆ, ವಾಸನೆ ಸೌಮ್ಯ. ಕೊಟ್ಟಂಚುಕ್ಕಾದಿಯಲ್ಲಿ ಒಣಶುಂಠಿಯ ಘಾಟು. ಮುರಿವೆಣ್ಣದ ಬುಡ ಕೊಬ್ಬರಿ ಎಣ್ಣೆ. ಸ್ಪಾದ ಲ್ಯಾವೆಂಡರ್ ಪರಿಮಳ ನೆನೆಸಿಕೊಂಡು ಬಂದವರಿಗೆ ಇವು ಕಷಾಯದಂತೆ ಮೂಗಿಗೆ ಹೊಡೆಯಬಹುದು.

ಕೆಲವೆಡೆ ಕಣ್ಣು ಮುಚ್ಚಿ ಒಂದು ಚಿಕ್ಕ ಪ್ರಾರ್ಥನೆ ಹೇಳಿ ಶುರುಮಾಡುತ್ತಾರೆ. ಮೊದಲು ಕಾಲು ಚಾಚಿ ಕೂರಿಸಿ ನೆತ್ತಿ, ಕಿವಿ, ಕತ್ತು, ಭುಜ. ಆಮೇಲೆ ಅಂಗಾತ, ಒಂದು ಮಗ್ಗುಲು, ಇನ್ನೊಂದು ಮಗ್ಗುಲು, ಬೋರಲು. ಕ್ರಮ ಕೇಂದ್ರದಿಂದ ಕೇಂದ್ರಕ್ಕೆ ಸ್ವಲ್ಪ ಬದಲಾಗುತ್ತದೆ. ಇಬ್ಬರು ಥೆರಪಿಸ್ಟ್‌ಗಳು ಎರಡು ಬದಿಯಲ್ಲಿ ನಿಂತು ಒಂದೇ ಲಯದಲ್ಲಿ ನೀವುವುದೂ ಇದೆ. ನಾಲ್ಕು ಕೈ ಕಂಡು ಗಾಬರಿಯಾಗಬೇಡಿ. ಉದ್ದನೆಯ ಮೂಳೆಗಳ ಮೇಲೆ ಉದ್ದಕ್ಕೆ, ಮಂಡಿ, ಮೊಣಕೈ, ಹೆಗಲ ಕೀಲುಗಳ ಮೇಲೆ ದುಂಡಗೆ ಕೈಯಾಡುತ್ತದೆ. ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ, ಏಕೆಂದರೆ ದೊಡ್ಡ ಕರುಳು ಸಾಗುವುದು ಆ ದಿಕ್ಕಿನಲ್ಲಿ. ಸ್ವೀಡಿಷ್‌ನಲ್ಲಾದರೆ ತೊಡೆ, ಭುಜದ ಮಾಂಸವನ್ನು ಚಪಾತಿ ಹಿಟ್ಟು ನಾದಿದ ಹಾಗೆ ನಾದುತ್ತಾರೆ. ಅಭ್ಯಂಗದಲ್ಲಿ ಅದು ಕಡಿಮೆ, ಜಾರುವ ಎಳೆತವೇ ಹೆಚ್ಚು. ಇಷ್ಟಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ.

ಮಾತಾಡಬೇಕೇ? ಬೇಕಿದ್ದರೆ ಆಡಿ, ಸುಮ್ಮನಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಿಮ್ಮ ಥೆರಪಿಸ್ಟ್ ಕೇರಳದವರೋ ಈಶಾನ್ಯ ರಾಜ್ಯದವರೋ ಆಗಿದ್ದು ಕನ್ನಡ ಬಾರದಿದ್ದರೆ, ‘ಕೈ ಎತ್ತಿದರೆ ನಿಲ್ಲಿಸಬೇಕು’ ಎಂದು ಶುರುವಿನಲ್ಲೇ ಸನ್ನೆ ಮಾಡಿಕೊಳ್ಳಿ.

ನಿದ್ದೆ ಬಂದು ಗೊರಕೆ ಹೊಡೆಯುತ್ತೀರಿ. ಹೊಟ್ಟೆ ಗುರುಗುಟ್ಟುತ್ತದೆ, ವಾಯು ಹೋಗುತ್ತದೆ. ಕೆಲವರಿಗೆ ಕಾರಣವಿಲ್ಲದೆ ಕಣ್ಣೀರು ಬರುತ್ತದೆ. ಗಂಡಸರಿಗೆ ಇಷ್ಟವಿದ್ದೋ ಇಲ್ಲದೆಯೋ ಉದ್ರೇಕವಾಗುವುದೂ ಉಂಟು. ಸ್ಪರ್ಶಕ್ಕೆ ಮೈ ತಾನಾಗಿ ಕೊಡುವ ಉತ್ತರಗಳಿವು. ಥೆರಪಿಸ್ಟ್‌ಗಳು ಇವನ್ನೆಲ್ಲ ದಿನಾ ನೋಡುವವರು, ಏನೂ ಆಗದಂತೆ ಮುಂದುವರಿಯುತ್ತಾರೆ. ಆ ನೆಪದಲ್ಲಿ ಬೇರೇನೋ ಕೇಳುವುದು ಮಾತ್ರ ಕಿರುಕುಳ. ಅದೇ ನಿಯಮ ಆಚೆ ಬದಿಗೂ ಇದೆ: ಗುಪ್ತಾಂಗಕ್ಕೆ ಕೈ ಹೋಗುವಂತಿಲ್ಲ, ‘ಎಕ್ಸ್‌ಟ್ರಾ’ ಎಂಬ ಪಿಸುಮಾತು ಬರುವಂತಿಲ್ಲ. ಬಂದರೆ ಅರ್ಧಕ್ಕೇ ಎದ್ದು ಬಟ್ಟೆ ಹಾಕಿಕೊಂಡು ಹೊರಬನ್ನಿ. ಬೆದರಿಕೆ ಎನಿಸಿದರೆ 112ಕ್ಕೆ ಕರೆ ಮಾಡಿ.

ನೋವಾಗಬೇಕೇ?

‘ನೋವಾದರೇ ಕೆಲಸ ಆದ ಹಾಗೆ’ ಎಂಬ ನಂಬಿಕೆ ಗರಡಿಮನೆಯ ಕಾಲದ್ದಿರಬೇಕು. ಹಿಡಿದ ಜಾಗ ಒತ್ತಿದಾಗ ‘ಹಾಂ, ಅಲ್ಲೇ’ ಎನಿಸುವ ನೋವು ಸರಿ. ಉಸಿರು ಬಿಗಿಹಿಡಿಯುತ್ತಿದ್ದೀರಿ, ಮುಷ್ಟಿ ಕಟ್ಟುತ್ತಿದ್ದೀರಿ ಎಂದರೆ ಒತ್ತಡ ಹೆಚ್ಚಾಗಿದೆ. ಆಗ ಮಾಂಸಖಂಡ ಸಡಿಲಾಗುವ ಬದಲು ಇನ್ನಷ್ಟು ಬಿಗಿಯುತ್ತದೆ. ಕರೆಂಟ್ ಹೊಡೆದಂತೆ ಕಾಲಿಗೋ ಕೈಗೋ ಸೆಳೆತ ಇಳಿದರೆ ನರ ಒತ್ತಿದೆ ಎಂದರ್ಥ, ತಕ್ಷಣ ನಿಲ್ಲಿಸಲು ಹೇಳಿ.

ಕುತ್ತಿಗೆಯನ್ನು ‘ಲಟಕ್’ ಎನಿಸಲು ಬಿಡಲೇಬೇಡಿ. ಸಲೂನ್‌ಗಳಲ್ಲಿ ಹೇರ್‌ಕಟ್ ಜೊತೆಗೆ ಪುಕ್ಕಟೆ ಸಿಗುವ ಈ ತಿರುಚಾಟದಲ್ಲಿ, ಮಿದುಳಿಗೆ ರಕ್ತ ಒಯ್ಯುವ ನಾಳದ ಒಳಪದರ ಹರಿದು ಪಾರ್ಶ್ವವಾಯು ಆಗಬಹುದು. 2024ರಲ್ಲಿ ಬಳ್ಳಾರಿಯ ಯುವಕರೊಬ್ಬರಿಗೆ ಹೀಗಾದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅಭ್ಯಂಗದ ಕ್ರಮದಲ್ಲಿ ಇಂಥ ತಿರುಚುವಿಕೆಯೇ ಇಲ್ಲ.

ಹಬೆ, ಸ್ನಾನ

ದ್ರೋಣಿಯಿಂದ ಇಳಿಯುವ ಗಳಿಗೆಯೇ ನನ್ನ ಲೆಕ್ಕದಲ್ಲಿ ಇಡೀ ಅಭ್ಯಂಗದ ಅಪಾಯದ ಗಳಿಗೆ. ಅಂಗಾಲಿಗೆಲ್ಲ ಎಣ್ಣೆ, ನೆಲ ನುಣುಪು, ಮಲಗಿ ಎದ್ದ ತಲೆ ಹಗುರ. ಪಾದ ಒರೆಸಿಕೊಂಡು, ಒಂದು ನಿಮಿಷ ಕೂತು, ಥೆರಪಿಸ್ಟ್ ಕೈ ಹಿಡಿದೇ ಇಳಿಯಿರಿ. ಸಂಕೋಚ ಬೇಡ.

ಹಬೆಗೆ ಮರದ ಪೆಟ್ಟಿಗೆ ಇರುತ್ತದೆ. ಒಳಗೆ ಸ್ಟೂಲ್ ಮೇಲೆ ಕೂರುತ್ತೀರಿ, ಬಾಗಿಲು ಮುಚ್ಚಿದರೆ ತಲೆ ಮಾತ್ರ ಹೊರಗೆ, ಕತ್ತಿನ ಸುತ್ತ ಟವೆಲ್. ತಲೆಗೆ ಕಾವು ತಾಗಬಾರದು ಎಂಬುದು ಆಯುರ್ವೇದದ ನಿಯಮ, ಉಸಿರಾಟಕ್ಕೂ ಅದರಿಂದ ಸಲೀಸು. ಹಣೆಯ ಮೇಲೆ ಬೆವರು ಮೂಡಿತೆಂದರೆ ಸಾಮಾನ್ಯವಾಗಿ ಸಾಕು ಮಾಡುತ್ತಾರೆ. ಅದಕ್ಕೆ ಹತ್ತು ನಿಮಿಷದ ಆಸುಪಾಸು ಹಿಡಿಯುತ್ತದೆ. ಎದೆ ಬಡಿತ ಜೋರಾದರೆ, ತಲೆ ಸುತ್ತಿದರೆ ಅಷ್ಟು ಹೊತ್ತು ಕಾಯಬೇಕಾಗಿಲ್ಲ.

ಸ್ನಾನಕ್ಕೆ ಸೋಪಿಗಿಂತ ಹೆಸರುಹಿಟ್ಟು, ಕಡಲೆಹಿಟ್ಟು ಅಥವಾ ಸೀಗೆಪುಡಿ ಕೊಡುತ್ತಾರೆ, ಹಬ್ಬದ ದಿನ ಮನೆಯಲ್ಲಿ ಬಳಸುವುದೇ. ಕೇರಳದ ಪದ್ಧತಿಯ ಕೇಂದ್ರಗಳಲ್ಲಿ ತಲೆ ಒರೆಸಿದ ಮೇಲೆ ನೆಗಡಿಯಾಗದಿರಲಿ ಎಂದು ನೆತ್ತಿಗೆ ಚಿಟಿಕೆ ರಾಸ್ನಾದಿ ಪುಡಿ ಉಜ್ಜುವುದುಂಟು.

ಮೈಯೊಳಗೆ ಏನಾಗುತ್ತದೆ, ಏನಾಗುವುದಿಲ್ಲ

ಮೊಣಕೈ ಬಾಗಿಲಿಗೆ ತಗುಲಿದ ಕೂಡಲೇ ಉಜ್ಜಿಕೊಳ್ಳುತ್ತೇವೆ, ನೋವು ಕಡಿಮೆ ಎನಿಸುತ್ತದೆ. ಸ್ಪರ್ಶದ ಸಂದೇಶ ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಅಡ್ಡ ಬರುತ್ತದೆ ಎಂಬ ವಿವರಣೆಯನ್ನು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಕೊಟ್ಟರು. ಮಸಾಜ್ ನೋವಿಗೆ ಹಿತವೆನಿಸಲು ಇದು ಒಂದು ಕಾರಣ. ನಿಧಾನದ, ಒಂದೇ ಲಯದ ನೀವಿಕೆಗೆ ಉಸಿರು ನಿಧಾನವಾಗುವುದು, ಬಿಗಿ ಸಡಿಲುವುದು ಇನ್ನೊಂದು. ಹೊಸದಾಗಿ ಶುರುವಾದ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬಹುದಾದ ಉಪಾಯಗಳಲ್ಲಿ ಮಸಾಜನ್ನೂ ಅಮೆರಿಕದ ವೈದ್ಯರ ಸಂಘಟನೆಯೊಂದು 2017ರ ಮಾರ್ಗಸೂಚಿಯಲ್ಲಿ ಸೇರಿಸಿತು. ಆಧಾರಗಳ ಗುಣಮಟ್ಟ ಕಡಿಮೆ ಎಂದೂ ಅದರಲ್ಲೇ ಬರೆದಿತ್ತು. ಅಂದರೆ ಉಪಯೋಗವಾಗಬಹುದು, ಗ್ಯಾರಂಟಿ ಇಲ್ಲ.

‘ಟಾಕ್ಸಿನ್ ಎಲ್ಲಾ ಹೊರಗೆ ಬರುತ್ತೆ’ ಎಂಬ ಮಾತು ಎಲ್ಲ ಕಡೆ ಕೇಳಿಸುತ್ತದೆ. ರಕ್ತ ಶುದ್ಧಿ ಮಾಡುವ ಕೆಲಸ ಲಿವರ್ ಮತ್ತು ಕಿಡ್ನಿಗಳದ್ದು. ವ್ಯಾಯಾಮದಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಮ್ಲವೂ ಮಸಾಜ್ ಇಲ್ಲದೆಯೇ ಒಂದೆರಡು ಗಂಟೆಯೊಳಗೆ ತಾನಾಗಿ ಖಾಲಿಯಾಗುತ್ತದೆ. ಕೊಬ್ಬು ಕರಗುವುದಿಲ್ಲ. ಎಣ್ಣೆ ರಸ, ರಕ್ತ, ಮಾಂಸ ಮೊದಲಾದ ಮೈಯ ಏಳು ಧಾತುಗಳವರೆಗೆ ತಲುಪುತ್ತದೆ ಎನ್ನುವುದು ಆಯುರ್ವೇದದ ವಿವರಣೆ, ಅದು ಬಹುಪಾಲು ಚರ್ಮದ ಮೇಲ್ಪದರದಲ್ಲೇ ನಿಲ್ಲುತ್ತದೆ ಎನ್ನುವುದು ಆಧುನಿಕ ಚರ್ಮಶಾಸ್ತ್ರದ್ದು. ಚರ್ಮದ ಒಣಗು ಹೋಗುವುದನ್ನು ಇಬ್ಬರೂ ಒಪ್ಪುತ್ತಾರೆ.

ಮನೆಗೆ ಹೊರಡುವಾಗ

ಹಳೆಯ ಹತ್ತಿ ಬಟ್ಟೆ ಹಾಕಿಕೊಂಡು ಹೋಗಿ. ಎಷ್ಟು ತೊಳೆದರೂ ಎಣ್ಣೆಯ ವಾಸನೆ ಅಂಗಿಯ ಕಾಲರಿನಲ್ಲಿ ಉಳಿಯುತ್ತದೆ. ಸ್ಕೂಟರ್‌ನಲ್ಲಿ ಬಂದವರು ಅಂಗೈ, ಅಂಗಾಲಿನ ಜಿಡ್ಡು ಪೂರ್ತಿ ಹೋಗಿದೆಯೇ ನೋಡಿಕೊಳ್ಳಿ, ಬ್ರೇಕ್ ಹಿಡಿದ ಕೈ ಜಾರಬಾರದು. ಮಂಪರಿದ್ದರೆ ಅರ್ಧ ಗಂಟೆ ಕೂತು ಹೊರಡಿ. ಆ ಸಂಜೆ ಆಫೀಸಿನ ಮೀಟಿಂಗ್ ಇಟ್ಟುಕೊಳ್ಳಬೇಡಿ. ತಣ್ಣಗಿನ ಎಸಿ ಬೇಡ, ಊಟ ಹಗುರವಾಗಿರಲಿ ಎಂದು ವೈದ್ಯರು ಹೇಳುತ್ತಾರೆ, ಸಾರು ಅನ್ನ ಸಾಕು.

ಮರುದಿನ ಮೈ ಸ್ವಲ್ಪ ನೋಯಬಹುದು, ಒಂದೆರಡು ದಿನದಲ್ಲಿ ಹೋಗುತ್ತದೆ. ಕೈಕಾಲು ಮರಗಟ್ಟಿದರೆ, ಮಾತು ತೊದಲಿದರೆ, ಉಸಿರು ಕಟ್ಟಿದರೆ, ಕಾಲು ಊದಿಕೊಂಡರೆ ಮಸಾಜ್ ಕೇಂದ್ರಕ್ಕೆ ಫೋನ್ ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.

ಬಿಲ್ಲು ಕೊಡುವಾಗ ‘ಹದಿನಾಲ್ಕು ಸಿಟ್ಟಿಂಗ್ ಪ್ಯಾಕೇಜ್ ಇವತ್ತೇ ತಗೊಂಡ್ರೆ ಡಿಸ್ಕೌಂಟು’ ಎಂಬ ಮಾತು ಬರುವ ಸಾಧ್ಯತೆ ಇದೆ. ಮೈ ಇನ್ನೂ ಹಗುರವಾಗಿ ತೇಲುತ್ತಿರುವ ಹೊತ್ತಿನಲ್ಲಿ ಯಾರಿಗಾದರೂ ಹೂಂ ಎನ್ನಬೇಕು ಅನಿಸುತ್ತದೆ. ಒಂದು ರಾತ್ರಿ ನಿದ್ದೆ ಮಾಡಿ, ನೋವು ಹೇಗಿದೆ ನೋಡಿ ಹೇಳುತ್ತೇನೆ ಎನ್ನಿ. ಕೈಗುಣ ಇಷ್ಟವಾಗಿದ್ದರೆ ಥೆರಪಿಸ್ಟ್ ಹೆಸರು ಕೇಳಿಟ್ಟುಕೊಳ್ಳಿ. ಮುಂದಿನ ಸಲ ಬುಕ್ ಮಾಡುವಾಗ ಅವರೇ ಬೇಕು ಎಂದರೆ ಸಾಮಾನ್ಯವಾಗಿ ಕೊಡುತ್ತಾರೆ.